ಮಾವಳ್ಳಿಯಿಂದ ಓಸ್ಲೊವರೆಗೆ ಎಂಟಿಆರ್

ಎಂಟಿಆರ್, ಅಂದರೆ ಮಾವಳ್ಳಿ ಟಿಫಿನ್ ರೂಮ್ಸ್, ಶುರುವಾದದ್ದು 1924ರಲ್ಲಿ, ಬೆಂಗಳೂರಿನ ಲಾಲ್‌ಬಾಗ್ ಬಳಿಯ ಪುಟ್ಟ ಹೋಟೆಲಾಗಿ. ನಡೆಸಿದವರು ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸಹೋದರರು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರವಾದಾಗ ರವೆಯನ್ನು ಮೊಸರಿನಲ್ಲಿ ಕಲಸಿ, ಸಾಸಿವೆ, ಗೋಡಂಬಿ ಒಗ್ಗರಣೆ ಕೊಟ್ಟು ಹಬೆಯಲ್ಲಿ ಬೇಯಿಸಿದರು. ರವೆ ಇಡ್ಲಿ ಹುಟ್ಟಿದ್ದು ಹೀಗೆ ಎಂಬುದು ಹೋಟೆಲಿನವರ ಮಾತು. ಸಹೋದರರಲ್ಲಿ ಒಬ್ಬರಾದ, ಯುರೋಪ್ ಸುತ್ತಿ ಬಂದ ಯಜ್ಞನಾರಾಯಣ ಮಯ್ಯರು ಅಡುಗೆಮನೆಯ ಶುಚಿತ್ವವನ್ನೇ ಹೋಟೆಲಿನ ಹೆಗ್ಗುರುತಾಗಿಸಿದರು.

ನಿಜವಾದ ತಿರುವು ಕೊಟ್ಟದ್ದು ತುರ್ತು ಪರಿಸ್ಥಿತಿ. ಸರ್ಕಾರ ತಿಂಡಿಗಳ ದರ ಇಳಿಸಿದಾಗ ನಷ್ಟಕ್ಕೆ ಸಿಲುಕಿದ ಮನೆತನ, ಸಿದ್ಧ ಹಿಟ್ಟು, ಮಸಾಲೆ ಪುಡಿಗಳನ್ನು ಪೊಟ್ಟಣ ಕಟ್ಟಿ ಮಾರತೊಡಗಿತು. ಹೋಟೆಲಿಗಿಂತ ಪೊಟ್ಟಣವೇ ದೂರ ಹೋಯಿತು. ಅಮೆರಿಕದ ಕನ್ನಡಿಗರ ಒಲೆಯನ್ನೂ ಮುಟ್ಟಿತು. 2007ರಲ್ಲಿ ನಾರ್ವೆಯ ಓಸ್ಲೊದಲ್ಲಿರುವ ಓರ್ಕ್ಲಾ ಕಂಪನಿ ಈ ಪೊಟ್ಟಣದ ವ್ಯಾಪಾರವನ್ನು, ಅಂದರೆ ಎಂಟಿಆರ್ ಫುಡ್ಸ್ ಅನ್ನು, ಕೊಂಡಿತು. ಹೋಟೆಲು ಮಾತ್ರ ಮಯ್ಯ ಮನೆತನದಲ್ಲೇ ಉಳಿಯಿತು.