ಆಟ ಬಿಟ್ಟ ಮೇಲಿನ ಮಾತು: ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಯ ಗೆಳೆಯರ ಸಿನಿಮಾ ವಿಮರ್ಶೆ

1. ಪ್ರಸ್ತಾವನೆ

ಸಿನಿಮಾ ವಿಮರ್ಶೆಯ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಅಚ್ಚಾದ ಮಾತನ್ನು ಹುಡುಕುತ್ತಾರೆ. 1947ರಲ್ಲಿ ಸತ್ಯಜಿತ್ ರಾಯ್ ಮತ್ತು ಗೆಳೆಯರು ಕಟ್ಟಿದ ಕಲ್ಕತ್ತಾ ಫಿಲಂ ಸೊಸೈಟಿ, 1973ರಲ್ಲಿ ಹೆಗ್ಗೋಡಿನಲ್ಲಿ ಶುರುವಾದ ನೀನಾಸಂ ಚಿತ್ರಸಮಾಜ, ‘ರೂಪತಾರಾ’, ‘ವಿಜಯಚಿತ್ರ’ದಂಥ ಪತ್ರಿಕೆಗಳು, 1980ರಿಂದ ‘ಲಂಕೇಶ್ ಪತ್ರಿಕೆ’ ಬರೆದ ನಿಷ್ಠುರ ವಿಮರ್ಶೆಗಳು ಈ ಇತಿಹಾಸದಲ್ಲಿ ಸ್ಥಾನ ಪಡೆದಿವೆ. ಎರಡನೇ ಆಟ ಬಿಟ್ಟ ಮೇಲೆ ಕತ್ತಲ ದಾರಿಯಲ್ಲಿ ಊರಿಗೆ ನಡೆಯುತ್ತ ಗೆಳೆಯರು ಆಡಿದ ಮಾತು ಬಹುಮಟ್ಟಿಗೆ ಹೊರಗೇ ಉಳಿದಿದೆ.

ಮೈಸೂರು ಜಿಲ್ಲೆಯ ಪಶ್ಚಿಮ ಭಾಗದ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಆ ಮಾತಿನ ಸ್ವರೂಪವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಗೆಳೆಯರ ಸಿನಿಮಾ ಮಾತಿಗೆ ತನ್ನದೇ ಆದ ಮಾನದಂಡಗಳಿವೆ. ಅವು ಈ ಸೀಮೆಯ ಪೌರಾಣಿಕ ನಾಟಕ, ಕಾದಂಬರಿಯ ಓದು, ಕಾಡು–ಹೊಲದ ಬದುಕು ಎಂಬ ಮೂರು ಅನುಭವಗಳಿಂದ ಹುಟ್ಟಿದವು ಎಂಬುದು ಇಲ್ಲಿನ ಪ್ರತಿಪಾದನೆ.

2. ಸೀಮೆಗೂ ಸಿನಿಮಾಕ್ಕೂ ಇರುವ ನಂಟು

ಈ ನಾಲ್ಕು ತಾಲ್ಲೂಕುಗಳು ಸಿನಿಮಾ ನೋಡಿದ್ದಷ್ಟೇ ಅಲ್ಲ, ಸಿನಿಮಾವನ್ನು ರೂಪಿಸಿದವರನ್ನೂ ಕೊಟ್ಟಿವೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಮಾವುತನ ಮಗ ಸಾಬು, ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ತಾನ್ ಕೊರ್ಡಾ ನಿರ್ದೇಶಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದ ನಾಯಕನಾದ. ಕಿಪ್ಲಿಂಗನ ಕಥೆಯನ್ನು ಆಧರಿಸಿ ಮೈಸೂರು ಸೀಮೆಯಲ್ಲಿ ಹೊರಾಂಗಣ ಚಿತ್ರೀಕರಣ ನಡೆಸಿದ ಆ ಚಿತ್ರ ವೆನಿಸ್ ಉತ್ಸವದಲ್ಲಿ ನಿರ್ದೇಶನಕ್ಕೆ ಪ್ರಶಸ್ತಿ ಪಡೆಯಿತು. ಸಾಬು ಮುಂದೆ ‘ದಿ ಥೀಫ್ ಆಫ್ ಬಾಗ್ದಾದ್’ (1940), ‘ಜಂಗಲ್ ಬುಕ್’ (1942) ಚಿತ್ರಗಳಿಂದ ಹಾಲಿವುಡ್ಡಿನ ತಾರೆಯಾದ.

ಊರನ್ನೇ ಹೆಸರಿನಲ್ಲಿ ಹೊತ್ತ ಹುಣಸೂರು ಕೃಷ್ಣಮೂರ್ತಿ ‘ಸತ್ಯ ಹರಿಶ್ಚಂದ್ರ’ (1965), ‘ಭಕ್ತ ಕುಂಬಾರ’ (1974), ‘ಬಭ್ರುವಾಹನ’ (1977) ಚಿತ್ರಗಳನ್ನು ನಿರ್ದೇಶಿಸಿದರು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಕಾದಂಬರಿಕಾರ ಚದುರಂಗರು ತಮ್ಮ ‘ಸರ್ವಮಂಗಳಾ’ವನ್ನು 1968ರಲ್ಲಿ ತಾವೇ ತೆರೆಗೆ ತಂದರು, ಅವರ ‘ಉಯ್ಯಾಲೆ’ಯನ್ನು ಮರುವರ್ಷ ಎನ್. ಲಕ್ಷ್ಮೀನಾರಾಯಣ್ ಚಿತ್ರ ಮಾಡಿದರು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಪುಟ್ಟಣ್ಣ ಕಣಗಾಲ್ (1933–1985) ಮತ್ತು ಅವರ ಅಣ್ಣ, ಗೀತರಚನಕಾರ ಕಣಗಾಲ್ ಪ್ರಭಾಕರಶಾಸ್ತ್ರಿ ಬಂದರು. ಕೃಷ್ಣರಾಜನಗರದ ಪಾತ್ರ ಬೇರೆ ಬಗೆಯದು. ಮೈಸೂರು–ಅರಸೀಕೆರೆ ರೈಲು ದಾರಿಯ ಮೇಲಿನ ಈ ಪೇಟೆ ಮತ್ತು ಸಂಕ್ರಾಂತಿಯ ಹೊತ್ತಿಗೆ ದನಗಳ ಜಾತ್ರೆ ಸೇರುವ ಚುಂಚನಕಟ್ಟೆ, ಹಳ್ಳಿ ಹಳ್ಳಿಯ ಜನ ಕೂಡಿ ಆಟ ನೋಡುವ, ನೋಡಿದ್ದನ್ನು ಹಂಚಿಕೊಳ್ಳುವ ನೆಲೆಗಳಾದವು.

3. ಮೊದಲ ಮಾನದಂಡ: ಗೊತ್ತಿರುವ ಕಥೆಯ ಹೊಸ ಆಟ

ಈ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದಂಥ ಪೌರಾಣಿಕ ನಾಟಕ ಆಡಿಸುವುದು ಇಂದಿಗೂ ನಿಂತಿಲ್ಲ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕಲಿಸಿ, ಊರಿನವರೇ ಪಾತ್ರ ಕಟ್ಟಿ, ಬೆಳಗಾಗುವವರೆಗೆ ಆಡುವ ಈ ನಾಟಕದ ಕಥೆ ನೋಡುವವರಿಗೆಲ್ಲ ಗೊತ್ತು. ಮುಂದೇನಾಗುತ್ತದೆ ಎಂಬ ಕುತೂಹಲಕ್ಕೆ ಅಲ್ಲಿ ಜಾಗವಿಲ್ಲ. ದುರ್ಯೋಧನನ ಗತ್ತು ಕೂಡಿತೇ, ಕಂದಪದ್ಯ ಶ್ರುತಿಯಲ್ಲಿ ನಿಂತಿತೇ, ಕೃಷ್ಣನ ಮಾತಿನಲ್ಲಿ ಹದವಿತ್ತೇ ಎಂಬುದರ ಮೇಲೆ ಮರುದಿನದ ತೀರ್ಪು ನಿಲ್ಲುತ್ತದೆ.

ಹುಣಸೂರು ಕೃಷ್ಣಮೂರ್ತಿಯವರ ಚಿತ್ರಗಳು ಇಂಥ ಪಳಗಿದ ಪ್ರೇಕ್ಷಕರ ಮುಂದೆ ಬಂದವು. ‘ಬಭ್ರುವಾಹನ’ದಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನನ್ನು ಎದುರಿಸುವ ಮಗನೂ ರಾಜ್‌ಕುಮಾರ್. ತಾಯಿಯ ಮಾನದ ಪ್ರಶ್ನೆಯಿಂದ ಹೊತ್ತಿಕೊಳ್ಳುವ ಆ ವಾಗ್ವಾದದಲ್ಲಿ ಒಬ್ಬನೇ ನಟ ಎರಡು ವಯಸ್ಸಿಗೆ, ಎರಡು ಅಹಂಕಾರಕ್ಕೆ ಬೇರೆ ಬೇರೆ ಧ್ವನಿ ಹುಡುಕಬೇಕಿತ್ತು. ನಾಟಕದ ಕಣ್ಣಿದ್ದ ಗೆಳೆಯರಿಗೆ ಇದಕ್ಕಿಂತ ಒಳ್ಳೆಯ ಚರ್ಚಾವಸ್ತು ಸಿಗುವಂತಿರಲಿಲ್ಲ. ತಂದೆ ಗೆದ್ದನೋ ಮಗ ಗೆದ್ದನೋ ಎಂಬ ವಾದ ಕಥೆಯದಾಗಿ ತೋರಿದರೂ, ಒಳಗೆ ನಡೆಯುತ್ತಿದ್ದದ್ದು ಅಭಿನಯದ ತುಲನೆ.

ಬಣ್ಣ ತುಂಬಿದ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ ಮತ್ತೆ ತೆರೆಕಂಡಾಗ ಇದೇ ಮಾನದಂಡ ಮುಂದಿನ ತಲೆಮಾರಿಗೆ ದಾಟುವ ದಾರಿ ತೆರೆಯಿತು. ಅಪ್ಪ ಕಪ್ಪು-ಬಿಳುಪಿನಲ್ಲಿ ಕಂಡದ್ದನ್ನು ಮಗ ಬಣ್ಣದಲ್ಲಿ ಕಂಡಾಗ, ಸುಡುಗಾಡಿನ ದೃಶ್ಯಕ್ಕೆ ಬಣ್ಣ ಬೇಕಿತ್ತೇ ಎಂಬ ಪ್ರಶ್ನೆ ಏಳದೆ ಇರದು. ಅದು ಯಾವ ಚಿತ್ರಶಾಲೆಯಲ್ಲೂ ಕೇಳಬಹುದಾದ ಪ್ರಶ್ನೆ.

4. ಎರಡನೆಯ ಮಾನದಂಡ: ಕಾದಂಬರಿ, ಹೆಣ್ಣು, ನ್ಯಾಯ

ಪುಟ್ಟಣ್ಣ ಕಣಗಾಲ್ ಬಿ.ಆರ್. ಪಂತುಲು ಅವರ ಬಳಿ ಪಳಗಿ, 1967ರಲ್ಲಿ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ಕನ್ನಡದಲ್ಲಿ ನಿರ್ದೇಶಿಸಿದರು. ‘ಗೆಜ್ಜೆಪೂಜೆ’ಗೆ ಎಂ.ಕೆ. ಇಂದಿರಾ, ‘ಶರಪಂಜರ’ಕ್ಕೆ (1971) ಮತ್ತೆ ತ್ರಿವೇಣಿ, ‘ನಾಗರಹಾವು’ಗೆ (1972) ತ.ರಾ.ಸು., ‘ಎಡಕಲ್ಲು ಗುಡ್ಡದ ಮೇಲೆ’ಗೆ (1973) ಭಾರತೀಸುತ. ಹೀಗೆ ಅವರು ಓದುಗರನ್ನು ಚಿತ್ರಮಂದಿರಕ್ಕೂ ಪ್ರೇಕ್ಷಕರನ್ನು ಗ್ರಂಥಾಲಯಕ್ಕೂ ಕರೆತಂದರು. ಗೆಳೆಯರ ಗುಂಪಿನಲ್ಲಿ ಕಾದಂಬರಿ ಓದಿದವನೊಬ್ಬ ಇದ್ದರೆ ಅವನ ಮಾತಿಗೆ ತೂಕ ಬಂತು. ಪುಸ್ತಕದಲ್ಲಿ ಇದ್ದದ್ದೇನು, ತೆರೆಯ ಮೇಲೆ ಬಿಟ್ಟದ್ದೇನು, ಸೇರಿಸಿದ್ದೇನು ಎಂದು ಎಣಿಸುವ ಅಭ್ಯಾಸ ಬೆಳೆಯಿತು. ‘ನಾಗರಹಾವು’ ಕಂಡ ತ.ರಾ.ಸು. ಇದು ನಾಗರಹಾವಲ್ಲ, ಕೇರೆಹಾವು ಎಂದು ಅಸಮಾಧಾನ ತೋಡಿಕೊಂಡ ಸಂಗತಿ ಕನ್ನಡಿಗರೆಲ್ಲ ಬಲ್ಲದ್ದು. ಅವರ ಮೂರು ಕಾದಂಬರಿಗಳನ್ನು ಒಂದು ಚಿತ್ರವಾಗಿಸಿದಾಗ ಲೇಖಕ ಒಂದು ಕಡೆ, ಜನ ಒಂದು ಕಡೆ ನಿಂತ ಆ ಪ್ರಸಂಗ ಸಾಮಾನ್ಯ ಪ್ರೇಕ್ಷಕನಿಗೂ ಪಕ್ಷ ಹಿಡಿಯುವ ಹಕ್ಕು ಕೊಟ್ಟಿತು.

ಪುಟ್ಟಣ್ಣನವರ ಚಿತ್ರಗಳು ಇನ್ನೂ ಆಳದ ಚರ್ಚೆಯನ್ನು ಬೇಡಿದವು. ‘ಶರಪಂಜರ’ದ ಕಾವೇರಿ ಮಾನಸಿಕ ಕಾಯಿಲೆಯಿಂದ ಗುಣವಾಗಿ ಮನೆಗೆ ಬಂದರೂ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ತಪ್ಪು ಗಂಡನದೋ, ಮನೆಯವರದೋ, ನೆರೆಹೊರೆಯದೋ? ‘ಎಡಕಲ್ಲು ಗುಡ್ಡದ ಮೇಲೆ’ಯ ಮಾಧವಿಯ ಬಯಕೆಯನ್ನು ಯಾವ ಅಳತೆಯಿಂದ ಅಳೆಯಬೇಕು? ಇಂಥ ವಿಷಯವನ್ನು ಊರಿನ ಯಾರದೋ ಮನೆಯ ಹೆಸರೆತ್ತಿ ಮಾತಾಡಿದರೆ ಜಗಳವಾದೀತು. ಕಾವೇರಿಯ ಹೆಸರಿನಲ್ಲಿ ಮಾತಾಡಬಹುದಿತ್ತು. ಸಿನಿಮಾದ ಮಾತು ಹೆಂಗಸರಿಗೂ ಗಂಡಸರಿಗೂ ಬೇರೆ ಬೇರೆ ಗುಂಪುಗಳಲ್ಲಿ ಈ ಅವಕಾಶವನ್ನು ಕೊಟ್ಟಿತು. ಪಂಚಾಯಿತಿಕಟ್ಟೆಯಲ್ಲಿ ತೀರ್ಮಾನಿಸಲಾಗದ ನ್ಯಾಯವನ್ನು ಗೆಳೆಯರು ಚಿತ್ರದ ನೆಪದಲ್ಲಿ ಯೋಚಿಸಿ ನೋಡಿದರು.

ಪುಟ್ಟಣ್ಣನವರ ‘ಪಡುವಾರಳ್ಳಿ ಪಾಂಡವರು’ (1978) ಈ ಸೀಮೆಗೆ ಮತ್ತೂ ಹತ್ತಿರದ್ದು. ಹಳ್ಳಿಯ ಐವರು ಯುವಕರು ಊರನ್ನು ಹಿಡಿದಿಟ್ಟ ಜಮೀನ್ದಾರನಿಗೆ ಎದುರು ನಿಲ್ಲುವ ಕಥೆ ಅದು. ಕಲ್ಲಹಳ್ಳಿಯವರೇ ಆದ ಡಿ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ಬಿಸಿ ಆಗಿನ್ನೂ ಆರಿರಲಿಲ್ಲ. ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಿಡಿದು ನಿಂತ ಗೇಣಿದಾರನೂ ಜಮೀನು ಕಳೆದುಕೊಂಡ ಮನೆಯವನೂ ಒಂದೇ ಚಿತ್ರಮಂದಿರದಲ್ಲಿ ಕೂತು ನೋಡಬಹುದಾಗಿದ್ದ ಕಾಲ. ಪಿರಿಯಾಪಟ್ಟಣದ ನಿರ್ದೇಶಕನೂ ಹುಣಸೂರಿನ ಮುಖ್ಯಮಂತ್ರಿಯೂ ಒಂದೇ ಪ್ರಶ್ನೆಯನ್ನು ಎರಡು ಮಾಧ್ಯಮಗಳಲ್ಲಿ ಎತ್ತಿಕೊಂಡಿದ್ದರು ಎಂದರೆ ಉತ್ಪ್ರೇಕ್ಷೆಯಲ್ಲ.

5. ಮೂರನೆಯ ಮಾನದಂಡ: ಕಾಡನ್ನು ಬಲ್ಲವರ ಕಣ್ಣು

ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆಯ ಕಾಡು ಕನ್ನಡ ಸಾಹಿತ್ಯಕ್ಕೂ ಸಿನಿಮಾಕ್ಕೂ ವಸ್ತುವಾಗಿದೆ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ 1977ರಲ್ಲಿ ಬಂತು, ಸಿ. ಅಶ್ವತ್ಥ್ ಸಂಗೀತ ನೀಡಿದರು, ಲೋಕೇಶ್ ಕಾಚನ ಪಾತ್ರ ವಹಿಸಿದರು. ಕಾಡುಕುರುಬರು, ಹೆಗ್ಗಡೆ, ಮೈಸೂರಿನ ಅರಸ ಈ ಮೂವರ ನಡುವೆ ಕಾಡು ಯಾರದೆಂಬ ಪ್ರಶ್ನೆ ಅಲ್ಲಿ ಆಡುತ್ತದೆ. ಅದಕ್ಕೂ ಮೊದಲು, 1973ರಲ್ಲಿ, ಎಂ.ಪಿ. ಶಂಕರ್ ನಿರ್ಮಾಣದ ‘ಗಂಧದ ಗುಡಿ’ಯಲ್ಲಿ ರಾಜ್‌ಕುಮಾರ್ ಪ್ರಾಮಾಣಿಕ ಅರಣ್ಯಾಧಿಕಾರಿಯಾಗಿದ್ದರು.

ಈ ಚಿತ್ರಗಳನ್ನು ಬೆಂಗಳೂರಿನವರು ನೋಡಿದ ಬಗೆಯೂ ಹೆಗ್ಗಡದೇವನಕೋಟೆ ತಾಲ್ಲೂಕಿನವರು ನೋಡಿದ ಬಗೆಯೂ ಒಂದೇ ಆಗಲಾರದು. 1971ರಲ್ಲಿ ಕಾಕನಕೋಟೆಯಲ್ಲಿ ಕಾಡಾನೆ ಹಿಡಿಯುವ ಕೊನೆಯ ಖೆಡ್ಡಾ ನಡೆಯಿತು. ಬೀಚನಹಳ್ಳಿಯಲ್ಲಿ ಕಬಿನಿ ಅಣೆಕಟ್ಟು ಎದ್ದು ಕಾಡು, ಹೊಲ, ಊರುಗಳು ಮುಳುಗಿದವು. ನಾಗರಹೊಳೆಯ ಸಂರಕ್ಷಣೆ ಬಿಗಿಯಾದಂತೆ ಜೇನುಕುರುಬರ ಹಾಡಿಗಳು ಕಾಡಿನಿಂದ ಹೊರಬಿದ್ದವು. ಇದನ್ನೆಲ್ಲ ಕಂಡುಂಡವನು ತೆರೆಯ ಮೇಲಿನ ಅರಣ್ಯಾಧಿಕಾರಿಯನ್ನು ಮೆಚ್ಚುವಾಗಲೂ ಒಂದು ಪ್ರಶ್ನೆ ಉಳಿಸಿಕೊಂಡಿರುತ್ತಾನೆ: ಕಾಡು ಉಳಿಯಬೇಕು ಸರಿ, ಕಾಡಿನವರು ಎಲ್ಲಿ ಉಳಿಯಬೇಕು?

ಹಳೆಯದನ್ನೂ ಹೊಸದನ್ನೂ ಒಟ್ಟಿಗಿಟ್ಟು ನೋಡುವ ಮಾತಿಗೆ ಇಲ್ಲಿ ಅಸಲಿ ಬೆಲೆ ಬರುತ್ತದೆ. 2022ರ ಸೆಪ್ಟೆಂಬರ್ ಕೊನೆಗೆ ರಿಷಬ್ ಶೆಟ್ಟಿಯವರ ‘ಕಾಂತಾರ’ ಬಂತು. ಅಕ್ಟೋಬರ್ 28ಕ್ಕೆ ಅಮೋಘವರ್ಷ ನಿರ್ದೇಶನದಲ್ಲಿ ಪುನೀತ್ ರಾಜ್‌ಕುಮಾರ್ ಕಾಣಿಸಿಕೊಂಡ ‘ಗಂಧದ ಗುಡಿ’ ಬಂತು. ಮೊದಲನೆಯದರಲ್ಲಿ ಕಾಡಿನಂಚಿನ ಜನರ ಹಕ್ಕಿನ ಜಗಳ, ಎರಡನೆಯದರಲ್ಲಿ ಕಾಡಿನ ಚೆಲುವಿಗೆ ಸಲ್ಲಿಸಿದ ನಮನ. 1973, 1977ರ ಎರಡು ಚಿತ್ರಗಳನ್ನು ಇವುಗಳ ಪಕ್ಕದಲ್ಲಿಟ್ಟರೆ ಅರ್ಧ ಶತಮಾನದ ಅರಣ್ಯನೀತಿಯ ವಾದ-ಪ್ರತಿವಾದ ಕಣ್ಣಮುಂದೆ ನಿಲ್ಲುತ್ತದೆ. ಆನೆಯಿಂದ ಬೆಳೆ ಕಳೆದುಕೊಂಡ ರೈತನೂ ಹಾಡಿಯ ಹುಡುಗನೂ ಸೇರಿ ಈ ತುಲನೆ ಮಾಡಿದಾಗ ಅದಕ್ಕೆ ಬರುವ ಕಸುವು ಪುಸ್ತಕದ ವಿಮರ್ಶೆಗೆ ಸುಲಭವಾಗಿ ಸಿಗದು.

6. ಮಾತಿನ ತಾಣ, ಮಾತಿನ ಕ್ರಮ

ಟೆಂಟು ಸಿನಿಮಾದ ಕಾಲದಲ್ಲಿ ಚರ್ಚೆ ಆಟಕ್ಕೆ ಮುಂಚೆಯೇ ಶುರುವಾಗುತ್ತಿತ್ತು. ಗಾಡಿಯಿಂದ ಎಸೆದ ಕರಪತ್ರ, ಅರ್ಧ ಕಥೆ ಹೇಳಿ ಉಳಿದದ್ದನ್ನು ಬೆಳ್ಳಿತೆರೆಗೆ ಬಿಡುತ್ತಿದ್ದ ಹಾಡಿನ ಪುಸ್ತಕ, ಆಟದ ಸೂಚನೆಯಾಗಿ ಮೈಕಿನಲ್ಲಿ ಕೇಳುತ್ತಿದ್ದ ಘಂಟಸಾಲ ಅವರ ವೆಂಕಟೇಶನ ಹಾಡು, ಎಲ್ಲವೂ ಮಾತಿಗೆ ಪೀಠಿಕೆ. ರೀಲು ಬದಲಿಸುವಾಗಿನ ಬಿಡುವುಗಳು ಆ ಕ್ಷಣದ ಅಭಿಪ್ರಾಯಕ್ಕೆ, ಮನೆಗೆ ನಡೆಯುವ ದಾರಿ ತೀರ್ಪಿಗೆ.

ಈ ಸೀಮೆಯ ಹೊಗೆಸೊಪ್ಪಿನ ಬೇಸಾಯ ಮತ್ತೊಂದು ತಾಣ ಒದಗಿಸಿತು. ಸೊಪ್ಪು ಮುರಿದು ತಂದು ಕಡ್ಡಿಗೆ ಕಟ್ಟುವ ಕೆಲಸ ಗುಂಪಿನದು. ಕೈ ಕೆಲಸದಲ್ಲಿದ್ದರೆ ಬಾಯಿಗೆ ಬಿಡುವು. ಸೊಪ್ಪು ಒಣಗಿಸುವ ಬ್ಯಾರನ್ನಿಗೆ ತುಂಬಿದ ಮೇಲೆ ಹಗಲು ರಾತ್ರಿ ಬೆಂಕಿಯ ಹದ ಕಾಯಬೇಕು. ಅಲ್ಲಿ ಎಚ್ಚರವಿರಬೇಕಾದವರಿಗೆ ಸಿನಿಮಾ ಕಥೆಗಿಂತ ಒಳ್ಳೆಯ ಜೊತೆಯಿಲ್ಲ. ನೋಡಿದವನು ನೋಡದವರಿಗೆ ಕಥೆ ಹೇಳುವಾಗ ಬೇಸರದ ಭಾಗ ಬಿಡುತ್ತಾನೆ, ಹಿಡಿಸಿದ್ದನ್ನು ಹಿಗ್ಗಿಸುತ್ತಾನೆ, ಸಂಭಾಷಣೆಯನ್ನು ಧ್ವನಿ ಬದಲಿಸಿ ಆಡಿ ತೋರಿಸುತ್ತಾನೆ. ಏನನ್ನು ಬಿಟ್ಟ, ಏನನ್ನು ಹಿಗ್ಗಿಸಿದ ಎಂಬುದರಲ್ಲೇ ಅವನ ವಿಮರ್ಶೆ ಇದೆ. ‘ಸೆಕೆಂಡ್ ಹಾಫ್ ಎಳೆದವ್ನೆ ಕಲಾ’, ‘ಕಾಸಿಗೆ ಮೋಸ ಇಲ್ಲ’ ಎಂಬ ಚುಟುಕು ತೀರ್ಪುಗಳ ಹಿಂದೆ ಇಷ್ಟೆಲ್ಲ ತೂಗಿ ನೋಡಿದ ಕೆಲಸವಿರುತ್ತದೆ.

ಟೆಂಟುಗಳು ಹೋದವು, ದೂರದರ್ಶನದ ವಾರಾಂತ್ಯದ ಚಿತ್ರ, ವಿಡಿಯೊ ಕ್ಯಾಸೆಟ್, ಈಗ ಮೊಬೈಲು ಬಂದಿವೆ. ಒಬ್ಬೊಬ್ಬರೇ ನೋಡುವ ಕಾಲದಲ್ಲಿ ನೋಡಿದ್ದು ಒಂದೇ ಆದರೂ ನೋಡಿದ ಹೊತ್ತು ಬೇರೆ ಬೇರೆ. ಆದ್ದರಿಂದಲೇ ಒಟ್ಟಿಗೆ ಕೂತು ಮಾತಾಡುವ ಅಗತ್ಯ ಹೆಚ್ಚಿದೆ. 2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಲ್ಲಿ ಮರುಬಿಡುಗಡೆಯಾದಾಗ ಜನ ಮತ್ತೆ ಚಿತ್ರಮಂದಿರಕ್ಕೆ ಹೋದದ್ದು ಈ ಹಸಿವಿನ ಗುರುತು.

7. ಸಮಾರೋಪ

ಅಭಿನಯವನ್ನು ನಾಟಕದಿಂದ, ಕಥೆಯನ್ನು ಕಾದಂಬರಿಯಿಂದ, ಸತ್ಯವನ್ನು ಸ್ವಂತ ಬದುಕಿನಿಂದ ಅಳೆಯುವ ಈ ಮಾತು ಕನ್ನಡ ಚಿತ್ರವಿಮರ್ಶೆಯ ಒಂದು ಪೂರ್ಣ ಶಾಖೆ. ಅದನ್ನು ಕಾಲಹರಣವೆಂದು ತಳ್ಳಿಹಾಕುವುದು ಅನ್ಯಾಯ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಜನಪದ ಹಾಡು-ಕಥೆಗಳನ್ನು ಹಳ್ಳಿ ಹಳ್ಳಿ ತಿರುಗಿ ಸಂಗ್ರಹಿಸಿದ ಪರಂಪರೆಯುಳ್ಳದ್ದು. ಅದೇ ಶ್ರದ್ಧೆಯಿಂದ ಕರ್ನಾಟಕ ಚಲನಚಿತ್ರ ಅಕಾಡೆಮಿಯೊಡನೆ ಸೇರಿ ಈ ನಾಲ್ಕು ತಾಲ್ಲೂಕುಗಳ ಹಿರಿಯ ಪ್ರೇಕ್ಷಕರ ಮಾತನ್ನು ಧ್ವನಿಮುದ್ರಿಸಿಡಬೇಕು. ಪದವಿ ಕಾಲೇಜುಗಳ ಕನ್ನಡ ವಿಭಾಗಗಳು ವಿದ್ಯಾರ್ಥಿಗಳನ್ನು ಅವರವರ ಊರಿಗೇ ಕಳಿಸಿ ಈ ಕೆಲಸ ಆರಂಭಿಸಬಹುದು. ಟೆಂಟಿನಲ್ಲಿ ನೆಲದ ಮೇಲೆ ಕೂತು ‘ಬೆಳ್ಳಿಮೋಡ’ ನೋಡಿದವರಿಗೆ ಈಗ ಎಪ್ಪತ್ತು ದಾಟಿದೆ. ಈ ಕೆಲಸ ಈಗಲೇ ಆಗಬೇಕು.