ಹಾಜರಿ ಪಟ್ಟಿಯೊಳಗಿನ ಗಡಿಠಾಣೆ: ವಿಂಡೊಲಾಂಡದ ಸೈನಿಕರು, ಕ್ರಿ.ಶ. 85–122

ಬ್ರಿಟನ್ನಿನಲ್ಲಿ ರೋಮನ್ ಸಾಮ್ರಾಜ್ಯದ ಗಡಿ ಎಂದೊಡನೆ ಎಲ್ಲರ ಕಣ್ಣಿಗೆ ಕಟ್ಟುವುದು ಹೇಡ್ರಿಯನ್ ಗೋಡೆ. ಒಂದು ಕಡಲಿನಿಂದ ಇನ್ನೊಂದು ಕಡಲಿನವರೆಗೆ ಸುಮಾರು 117 ಕಿಲೋಮೀಟರು ಹಬ್ಬಿದ ಈ ಗೋಡೆಯ ಕೆಲಸ ಶುರುವಾದದ್ದು ಕ್ರಿ.ಶ. 122ರ ಹೊತ್ತಿಗೆ. ಆದರೆ ಅದಕ್ಕೂ ಮೂರೂವರೆ ದಶಕ ಮೊದಲೇ, ಅದರ ದಕ್ಷಿಣಕ್ಕೆ ಒಂದೂವರೆ ಕಿಲೋಮೀಟರಿನಷ್ಟು ದೂರದಲ್ಲಿ, ಈಗಿನ ನಾರ್ಥಂಬರ್‌ಲ್ಯಾಂಡಿನಲ್ಲಿ, ವಿಂಡೊಲಾಂಡ ಎಂಬ ಠಾಣೆ ತಲೆಯೆತ್ತಿತ್ತು. ಪಡುವಣದ ಕಾರ್ಲೈಲ್‌ನಿಂದ ಮೂಡಣದ ಕಾರ್ಬ್ರಿಜ್‌ವರೆಗೆ ಹೋಗುವ ಸೈನಿಕ ರಸ್ತೆಯ ಮೇಲಿನ ಮರದ ಕೋಟೆ ಅದು. ಗೋಡೆಯ ಇತಿಹಾಸ ಬರೆದವರು ಬಹುಕಾಲ ಇದನ್ನು ಗೋಡೆಯ ಪೂರ್ವಪೀಠಿಕೆ ಎಂಬಷ್ಟಕ್ಕೆ ಬಿಟ್ಟಿದ್ದರು. 1973ರಲ್ಲಿ ಅಲ್ಲಿ ಸಿಕ್ಕ ಮರದ ತೆಳು ಹಲಗೆಗಳು ಆ ಕ್ರಮವನ್ನು ತಲೆಕೆಳಗು ಮಾಡಿದವು.

ಗಡಿ ಸೈನ್ಯದ ಇತಿಹಾಸವನ್ನು ನಾವು ರೂಢಿಯಿಂದ ಕದನಗಳ ಇತಿಹಾಸವಾಗಿಯೇ ಓದುತ್ತೇವೆ. ರೋಮನ್ ಇತಿಹಾಸಕಾರ ಟ್ಯಾಸಿಟಸ್, ಬ್ರಿಟನ್ನಿನ ಪ್ರಾಂತಾಧಿಪತಿಯಾಗಿದ್ದ ತನ್ನ ಮಾವ ಅಗ್ರಿಕೋಲನ ಬಗ್ಗೆ ಬರೆದ ಗ್ರಂಥ ಈ ರೂಢಿಗೆ ಒಂದು ಮೂಲ. ಸ್ಕಾಟ್ಲೆಂಡಿನ ಗ್ರೌಪಿಯಸ್ ಬೆಟ್ಟದ ಕಾಳಗದಲ್ಲಿ ಬಟಾವಿಯನ್ ಮತ್ತು ತುಂಗ್ರಿಯನ್ ತುಕಡಿಗಳು ಮುಂದೆ ನಿಂತು ಹೊಡೆದಾಡಿದವೆಂದು ಅವನು ಹೇಳುತ್ತಾನೆ. ಅದಾದ ಹತ್ತಿಪ್ಪತ್ತು ವರ್ಷಗಳಲ್ಲಿ ವಿಂಡೊಲಾಂಡದಲ್ಲಿ ಬೀಡುಬಿಟ್ಟವೂ ಇವೇ ಎರಡು ಜನಾಂಗಗಳ ತುಕಡಿಗಳು. ಆದರೆ ಟ್ಯಾಸಿಟಸನ ವೀರರನ್ನು ಹುಡುಕಿಕೊಂಡು ಈ ಹಲಗೆಗಳಿಗೆ ಬಂದವರಿಗೆ ಇಲ್ಲಿ ಸಿಗುವುದು ಸುಣ್ಣ ಸುಡುವವರು, ಚಮ್ಮಾರರು, ರಜೆ ಬೇಡುವವರು, ಸಾಲ ಕೇಳುವವರು. ನನ್ನ ವಾದ ಇಷ್ಟು: ಗಡಿಠಾಣೆ ಎನ್ನುವುದು ಸೈನಿಕರು ಕೂಡಿ ನಿಂತು ಶತ್ರುವನ್ನು ಕಾಯುತ್ತಿದ್ದ ಜಾಗವಲ್ಲ. ಅವರನ್ನು ಸುತ್ತಲಿನ ಸೀಮೆಗೆಲ್ಲ ಹಂಚಿ ಕಳಿಸುತ್ತಿದ್ದ ಕಚೇರಿ ಅದು, ಜೊತೆಗೆ ಉಗ್ರಾಣ ಮತ್ತು ಕಾರ್ಖಾನೆ.

ಆಧಾರಗಳ ಬಗ್ಗೆ ಮೊದಲು ನಾಲ್ಕು ಮಾತು. ಮಿಲಿಮೀಟರಿನಿಂದ ಮೂರು ಮಿಲಿಮೀಟರಿನಷ್ಟು ದಪ್ಪದ, ಅಂಚೆ ಕಾರ್ಡಿನಷ್ಟಗಲದ ಹಲಗೆಗಳಿವು. ಸುತ್ತಮುತ್ತ ಬೆಳೆಯುತ್ತಿದ್ದ ಬರ್ಚ್, ಆಲ್ಡರ್ ಮರಗಳಿಂದ ಸೀಳಿದ್ದು. ಮಸಿಯಿಂದ ಬರೆದು ನಡುವೆ ಮಡಚುತ್ತಿದ್ದರು. ಹಳೆಯ ಕೋಟೆಯನ್ನು ಕೆಡವಿ ಹೊಸದನ್ನು ಕಟ್ಟುವಾಗ ರೋಮನ್ನರು ನೆಲಕ್ಕೆ ಜೇಡಿಮಣ್ಣು, ಹುಲ್ಲುಹೆಂಟೆ ಹೊದಿಸಿ ಮಟ್ಟ ಮಾಡುತ್ತಿದ್ದರು. ಆ ಹೊದಿಕೆಯ ಕೆಳಗೆ ಗಾಳಿ ಆಡದ ಒದ್ದೆ ನೆಲದಲ್ಲಿ ಮರ, ತೊಗಲು, ಬಟ್ಟೆ ಎಲ್ಲವೂ ಕೊಳೆಯದೆ ಉಳಿದವು. ಬಟಾವಿಯನ್ನರು ಕ್ರಿ.ಶ. 105ರ ಸುಮಾರಿಗೆ ಡೇಸಿಯಾದ ಯುದ್ಧಕ್ಕೆಂದು ಠಾಣೆ ಬಿಟ್ಟು ಹೊರಟಾಗ ಕಚೇರಿಯ ಕಾಗದಪತ್ರಗಳಿಗೆ ಬೆಂಕಿ ಹಚ್ಚಿದ್ದರು. ಒಂದಷ್ಟು ಅರೆಸುಟ್ಟು ಉಳಿದವು. ಮಳೆ ಬಂದು ಬೆಂಕಿ ಆರಿರಬೇಕೆಂಬುದು ಉತ್ಖನನಕಾರರ ಊಹೆ. ಆ ಸೀಮೆಯ ಹವೆ ಬಲ್ಲವರಿಗೆ ಅದು ಅತಿಯೆನಿಸದು. ಉತ್ಖನನ ನಡೆಸಿದ ರಾಬಿನ್ ಬರ್ಲಿಯವರಿಗೆ ಮೊದಲ ಹಲಗೆಗಳು ಸಿಕ್ಕಾಗ ಅವುಗಳ ಅಕ್ಷರ ಗಾಳಿ ತಾಕಿದ್ದೇ ತಡ ಮಾಸಿಹೋಯಿತು. ಆಮೇಲೆ ಓದಲು ಸಾಧ್ಯವಾದದ್ದು ಅತಿಗೆಂಪು ಕಿರಣದ ಛಾಯಾಚಿತ್ರಗಳಿಂದ. ಈವರೆಗೆ ಸಾವಿರಕ್ಕೂ ಹೆಚ್ಚು ಹಲಗೆಗಳು ದೊರೆತಿವೆ. ಅವನ್ನು ಓದಿ ಪ್ರಕಟಿಸಿದ ಕೀರ್ತಿ ಬಹುಮಟ್ಟಿಗೆ ಅಲನ್ ಬೋಮನ್ ಮತ್ತು ಡೇವಿಡ್ ಥಾಮಸ್ ಅವರದು. ಇದು ಅರಸನ ಶಾಸನದ ಬಗೆಯ ಆಧಾರವಲ್ಲ ಎಂಬುದನ್ನು ಮರೆಯಬಾರದು. ಶಾಸನ ಮುಂದಿನವರು ಓದಲೆಂದು ಕೆತ್ತಿಸಿದ್ದು. ಇವು ಕೆಲಸ ಮುಗಿದ ಮೇಲೆ ಎಸೆದವು. ಆದ್ದರಿಂದಲೇ ಇವುಗಳಿಗೆ ನಮ್ಮನ್ನು ನಂಬಿಸುವ ಹಂಗಿಲ್ಲ.

ಎಲ್ಲಕ್ಕಿಂತ ಬೆಲೆಯುಳ್ಳದ್ದು ಮೊದಲನೆಯ ತುಂಗ್ರಿಯನ್ ತುಕಡಿಯ ಹಾಜರಿ ಪಟ್ಟಿ. ಕ್ರಿ.ಶ. 90ರ ದಶಕದ್ದು, ತಾರೀಖು ಮೇ 18. ದಳಪತಿಯ ಹೆಸರು ಯೂಲಿಯಸ್ ವೆರೆಕುಂಡಸ್. ತುಕಡಿಯ ಒಟ್ಟು ಬಲ 752. ಅದರಲ್ಲಿ ಶತಾಧಿಪತಿಗಳು ಆರು ಮಂದಿ. ಠಾಣೆಯಲ್ಲಿ ಇಲ್ಲದವರು 456 ಜನ, ಅವರಲ್ಲಿ ಶತಾಧಿಪತಿಗಳೇ ಐವರು. 46 ಮಂದಿ ಪ್ರಾಂತಾಧಿಪತಿಯ ಅಂಗರಕ್ಷಕರಾಗಿ ಹೋಗಿದ್ದಾರೆ. 337 ಮಂದಿ ಕೋರಿಯಾದಲ್ಲಿ, ಅಂದರೆ ಈಗಿನ ಕಾರ್ಬ್ರಿಜ್‌ನಲ್ಲಿ, ಫೆರೋಕ್ಸ್ ಎಂಬ ಅಧಿಕಾರಿಯ ಕಚೇರಿಯಲ್ಲಿದ್ದಾರೆ. ಒಬ್ಬ ಶತಾಧಿಪತಿ ಲಂಡನ್ನಿನಲ್ಲಿದ್ದಾನೆ. ಠಾಣೆಯಲ್ಲಿ ಉಳಿದ 296 ಜನರಲ್ಲಿ 15 ಮಂದಿಗೆ ಕಾಯಿಲೆ, ಆರು ಮಂದಿಗೆ ಗಾಯ, ಹತ್ತು ಮಂದಿಗೆ ಕಣ್ಣುಬೇನೆ. ಕೆಲಸಕ್ಕೆ ಒದಗುವವರು 265 ಜನ. ಅವರ ಮೇಲೆ ಒಬ್ಬನೇ ಶತಾಧಿಪತಿ.

ಈ ಲೆಕ್ಕ ಹಲವು ಪುಸ್ತಕಗಳಲ್ಲಿ ಕುತೂಹಲದ ಸಂಗತಿಯಾಗಿ ಬಂದುಹೋಗಿದೆ. ಅದರ ಭಾರವನ್ನು ಪೂರ್ತಿ ಹೊತ್ತವರು ಕಡಿಮೆ. ನಿಯಮದ ಪ್ರಕಾರ 480 ಜನರ ತುಕಡಿಗೆ ಆರು ಶತಾಧಿಪತಿಗಳು, 800 ಜನರದ್ದಕ್ಕೆ ಹತ್ತು. ಇಲ್ಲಿ ಜನ 752, ಶತಾಧಿಪತಿಗಳು ಆರೇ. ತುಕಡಿಯನ್ನು ಆಗಷ್ಟೇ ಹಿಗ್ಗಿಸುತ್ತಿದ್ದರೆಂದು ವಿದ್ವಾಂಸರು ಇದಕ್ಕೆ ಸಮಾಧಾನ ಹೇಳುತ್ತಾರೆ. ಇರಬಹುದು. ಆದರೆ ಕೋಟೆಯ ವಿಸ್ತಾರ ಅಳೆದು, ಇಂತಿಷ್ಟು ಬ್ಯಾರಕ್ಕಿಗೆ ಇಂತಿಷ್ಟು ಜನ ಎಂದು ಗುಣಿಸಿ, ಗಡಿಯ ಉದ್ದಕ್ಕೂ ಸೈನ್ಯಬಲ ಲೆಕ್ಕ ಹಾಕುವ ಪದ್ಧತಿಯೇ ಈ ಒಂದು ಹಲಗೆಯ ಮುಂದೆ ಅಲುಗಾಡುತ್ತದೆ. ಐದರಲ್ಲಿ ಮೂರು ಪಾಲು ಜನ ಊರಲ್ಲೇ ಇಲ್ಲದ ಠಾಣೆ ಅಪವಾದವೋ ವಾಡಿಕೆಯೋ? ವಾಡಿಕೆಯೆಂದೇ ನನಗೆ ತೋರುತ್ತದೆ. ಪಟ್ಟಿ ಬರೆದ ಗುಮಾಸ್ತ ಎಲ್ಲಿಯೂ ಬೆಚ್ಚಿಬಿದ್ದಿಲ್ಲ. ಇಲ್ಲದವರನ್ನು ಬರೆದುಕೊಳ್ಳಲು ಅವನಿಗೆ ಸಿದ್ಧವಾದ ಕ್ರಮವೊಂದಿತ್ತು. ಮುಂದೆ ಬಂದ ಒಂಬತ್ತನೆಯ ಬಟಾವಿಯನ್ ತುಕಡಿಯ ವರದಿಗಳಲ್ಲೂ ಇದೇ ಜಾಯಮಾನ: ಎಲ್ಲರೂ ಇರಬೇಕಾದ ಜಾಗದಲ್ಲಿದ್ದಾರೆ, ಸರಂಜಾಮೂ ಇದೆ ಎಂಬ ಒಕ್ಕಣೆ ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬರುತ್ತದೆ.

ಇದ್ದವರಾದರೂ ಏನು ಮಾಡುತ್ತಿದ್ದರು? ಏಪ್ರಿಲ್ 25ರ ಒಂದು ಪಟ್ಟಿಯಲ್ಲಿ 343 ಮಂದಿ ಕಾರ್ಖಾನೆಗಳ ಕೆಲಸಕ್ಕೆ ಹಚ್ಚಲ್ಪಟ್ಟಿದ್ದಾರೆ. ಹನ್ನೆರಡು ಮಂದಿ ಚಮ್ಮಾರರು. ಹದಿನೆಂಟು ಮಂದಿ ಸ್ನಾನಗೃಹ ಕಟ್ಟಲು. ಉಳಿದವರು ಸೀಸ, ಆಸ್ಪತ್ರೆ, ಗೂಡುಗಳು, ಜೇಡಿಮಣ್ಣು, ಗಾರೆ ಎಂದು ಚೆದುರಿದ್ದಾರೆ. ಇನ್ನೊಂದರಲ್ಲಿ, ಮಾರ್ಚ್ 7ರಂದು, ಮೂವತ್ತು ಜನ ಕಟ್ಟಡದವರನ್ನು ಮಾರ್ಕಸ್ ಎಂಬ ವೈದ್ಯನ ಜೊತೆ ವಸತಿ ಕಟ್ಟಲು, ಹತ್ತೊಂಬತ್ತು ಜನರನ್ನು ಸುಣ್ಣದ ಕಲ್ಲು ಸುಡಲು ಕಳಿಸಲಾಗಿದೆ. ಕತ್ತಿ ಹಿಡಿದವರ ಲೆಕ್ಕ ಎಲ್ಲಿಯೂ ಇಷ್ಟು ವಿವರವಾಗಿ ಬರುವುದಿಲ್ಲ.

ಇವರು ರೋಮಿನವರಲ್ಲ. ತುಂಗ್ರಿಯನ್ನರು ಈಗಿನ ಬೆಲ್ಜಿಯಮ್ಮಿನ ಟೊಂಗೆರೆನ್ ಸೀಮೆಯವರು. ಬಟಾವಿಯನ್ನರು ರೈನ್ ನದಿ ಕವಲೊಡೆಯುವ ನೆದರ್ಲೆಂಡ್ಸಿನವರು. ಇಪ್ಪತ್ತೈದು ವರ್ಷ ಸೇವೆ ಮಾಡಿದರೆ ಪೌರತ್ವ. ಬಟಾವಿಯನ್ನರು ತೆರಿಗೆಯ ಬದಲು ಸೈನಿಕರನ್ನೇ ಕೊಡುತ್ತಿದ್ದ ಜನ. ಕ್ರಿ.ಶ. 69–70ರಲ್ಲಿ ಯೂಲಿಯಸ್ ಸಿವಿಲಿಸ್‌ನ ಮುಂದಾಳುತನದಲ್ಲಿ ರೋಮಿನ ಮೇಲೇ ತಿರುಗಿಬಿದ್ದಿದ್ದರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಜನಾಂಗದ ದೊಡ್ಡ ಮನೆತನದ ಫ್ಲಾವಿಯಸ್ ಕೆರಿಯಾಲಿಸ್ ವಿಂಡೊಲಾಂಡದ ದಳಪತಿಯಾಗಿ ಕುಳಿತು, ಗೆಳೆಯ ಬ್ರೊಕಸ್‌ಗೆ ಬೇಟೆಯ ಬಲೆ ಕಳಿಸೆಂದು ಅಚ್ಚ ಲ್ಯಾಟಿನ್ನಿನಲ್ಲಿ ಬರೆಯುತ್ತಾನೆ. ಫ್ಲಾವಿಯಸ್ ಎಂಬ ಹೆಸರೇ ಹೇಳುವಂತೆ, ದಂಗೆಯ ಹೊತ್ತಿನಲ್ಲಿ ರೋಮಿನ ಪಕ್ಷ ಬಿಡದ ಮನೆತನ ಇವನದಿರಬೇಕು. ಸಾಮ್ರಾಜ್ಯ ಗಡಿಯನ್ನು ಕಾದದ್ದು ಇನ್ನೊಂದು ಗಡಿಯ ಜನರಿಂದ. ಇದು ಜಾಣತನವೋ ಜಿಪುಣತನವೋ ಹೇಳುವುದು ಕಷ್ಟ, ಬಹುಶಃ ಎರಡೂ.

ಪೂರೈಕೆಯ ಕಡತಗಳು ಇನ್ನೂ ಸೊಗಸು. ಮಾಸ್ಕ್ಲಸ್ ಎಂಬ ದಳಾಧಿಕಾರಿ ಹೊರಗಿನ ಕೆಲಸದಿಂದ ಕೆರಿಯಾಲಿಸ್‌ಗೆ ಬರೆದ ಕಾಗದದಲ್ಲಿ ಎರಡೇ ವಿಷಯ: ನಾಳೆ ಎಲ್ಲರೂ ಹಿಂತಿರುಗಬೇಕೋ ಅರ್ಧ ಜನವೋ ಅಪ್ಪಣೆಯಾಗಲಿ, ಹುಡುಗರಿಗೆ ಬಿಯರ್ ಮುಗಿದಿದೆ, ಕಳಿಸಿಕೊಡಿ. ಅಧಿಕಾರಿಯ ಮುಂದೆ ಆಜ್ಞೆಯನ್ನೂ ಬಿಯರನ್ನೂ ಒಂದೇ ಉಸಿರಿಗೆ ಕೇಳುವ ಸಲಿಗೆ ಆ ಸೈನ್ಯದಲ್ಲಿತ್ತು. ಒಕ್ಟೇವಿಯಸ್ ಎಂಬುವವನ ಕಾಗದದ ದನಿ ಬೇರೆ. ಐದು ಸಾವಿರ ಮೋದಿಯಸ್ (ಧಾನ್ಯದ ರೋಮನ್ ಅಳತೆ) ತೆನೆ ಖರೀದಿಸಿದ್ದೇನೆ, ಕಡಿಮೆಯೆಂದರೂ ಐನೂರು ದಿನಾರಿಯಸ್ ಬೇಗ ಕಳಿಸು, ಇಲ್ಲದಿದ್ದರೆ ಕೊಟ್ಟ ಮುಂಗಡವೂ ಹೋಗಿ ಮುಖವೂ ಹೋಗುತ್ತದೆ ಎಂದು ಅವನ ಗೋಳು. ಆ ಕಾಲಕ್ಕೆ ಲೀಜನ್ನಿನ ಒಬ್ಬ ಸಾಮಾನ್ಯ ಸೈನಿಕನ ವರ್ಷದ ಸಂಬಳ ಮುನ್ನೂರು ದಿನಾರಿಯಸ್ ಎಂಬುದನ್ನು ನೆನೆದರೆ ಈ ವ್ಯವಹಾರದ ಗಾತ್ರ ತಿಳಿಯುತ್ತದೆ. ಕ್ಯಾಟರಿಕ್‌ನಲ್ಲಿ ತೊಗಲುಗಳು ಬಿದ್ದಿವೆ, ರಸ್ತೆ ಕೆಟ್ಟಿರುವಾಗ ಎತ್ತುಗತ್ತೆಗಳನ್ನು ಗೋಳುಹೊಯ್ದುಕೊಳ್ಳಲು ಮನಸ್ಸಾಗಲಿಲ್ಲ ಎಂದೂ ಸೇರಿಸುತ್ತಾನೆ. ಅವನು ವ್ಯಾಪಾರಿಯೋ ಶತಾಧಿಪತಿಯೋ ಎಂದು ಚರ್ಚೆ ನಡೆದೇ ಇದೆ. ಆ ಗಡಿಯಲ್ಲಿ ಅವೆರಡರ ನಡುವೆ ಗೆರೆ ಎಳೆಯುವುದೇ ಕಷ್ಟವಾಗಿತ್ತು ಎಂಬುದು ನನಗೆ ಹೆಚ್ಚು ಮುಖ್ಯವಾಗಿ ಕಾಣುತ್ತದೆ.

ನಮ್ಮ ಕಡೆಯವರು ಓದುವಾಗ ತಡೆದು ನಿಲ್ಲುವ ಸಾಲೊಂದು ಸೈನಿಕರ ಖರ್ಚಿನ ಲೆಕ್ಕದಲ್ಲಿದೆ. ಟವೆಲು, ಕೊಬ್ಬು, ಮೇಲಂಗಿಗಳ ನಡುವೆ ಗಾಂಬಾಕ್ಸ್ ಎಂಬುವವನ ಹೆಸರಿಗೆ ಮೆಣಸು, ಎರಡು ದಿನಾರಿಯಸ್. ಆ ಕಾಲದಲ್ಲಿ ರೋಮಿಗೆ ಕರಿಮೆಣಸು ಹೋಗುತ್ತಿದ್ದದ್ದು ಪಶ್ಚಿಮ ಘಟ್ಟದಿಂದ, ಮುಜಿರಿಸ್‌ನಂಥ ಮಲಬಾರಿನ ಬಂದರುಗಳ ಮೂಲಕ. ಅಲ್ಲಿಂದ ಕೆಂಪು ಸಮುದ್ರದ ಬೆರೆನಿಕೆ, ನೈಲ್, ಅಲೆಕ್ಸಾಂಡ್ರಿಯಾ. ಬೆರೆನಿಕೆಯ ದೇಗುಲವೊಂದರಲ್ಲಿ ಮೆಣಸು ತುಂಬಿದ ಭಾರತೀಯ ಹರವಿಯೇ ಸಿಕ್ಕಿದೆ. ರೋಮನ್ ಲೇಖಕ ಪ್ಲಿನಿ ಇಂಥ ಪದಾರ್ಥಗಳನ್ನು ಸಿರಿವಂತರ ಚಪಲವೆಂದು ಬೈದದ್ದು ಪ್ರಸಿದ್ಧ. ಘಟ್ಟದ ಬಳ್ಳಿಯಲ್ಲಿ ಬಿಟ್ಟ ಕಾಳನ್ನು ಬ್ರಿಟನ್ನಿನ ಚಳಿಯಲ್ಲಿ ಗಾಂಬಾಕ್ಸ್‌ನಂಥವನು ಕೊಂಡು ತಿನ್ನುತ್ತಿದ್ದನೆಂದ ಮೇಲೆ ಆ ಬೈಗುಳಕ್ಕೆ ತುಸು ತಿದ್ದುಪಡಿ ಬೇಕು.

ಸೈನಿಕರು ಮದುವೆಯಾಗುವಂತಿರಲಿಲ್ಲ, ಆ ಕಟ್ಟು ಸಡಿಲವಾದದ್ದು ಕ್ರಿ.ಶ. 197ರ ಸುಮಾರಿಗೆ, ಸೆಪ್ಟಿಮಿಯಸ್ ಸೆವೆರಸ್‌ನ ಕಾಲದಲ್ಲಿ. ದಳಪತಿಗೆ ಈ ನಿಷೇಧ ಅನ್ವಯಿಸುತ್ತಿರಲಿಲ್ಲ. ಕೆರಿಯಾಲಿಸ್‌ನ ಹೆಂಡತಿ ಸುಲ್ಪಿಕಿಯಾ ಲೆಪಿಡಿನಾಳನ್ನು ಬ್ರೊಕಸ್‌ನ ಹೆಂಡತಿ ಕ್ಲಾಡಿಯಾ ಸೆವೆರಾ ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಕರೆದ ಓಲೆ ಜಗತ್ಪ್ರಸಿದ್ಧ. ಒಕ್ಕಣೆ ಲಿಪಿಕಾರನದು, ಕೊನೆಯ ಅಕ್ಕರೆಯ ಸಾಲುಗಳು ಅವಳ ಸ್ವಂತ ಕೈಬರಹದವು. ಹೆಂಗಸೊಬ್ಬಳು ಲ್ಯಾಟಿನ್ನಿನಲ್ಲಿ ಬರೆದ, ನಮಗೆ ದಕ್ಕಿರುವ ಅತ್ಯಂತ ಹಳೆಯ ಬರಹಗಳಲ್ಲೊಂದು. ಆದರೆ ಇತಿಹಾಸಕಾರನಿಗೆ ಇದಕ್ಕಿಂತ ಬೆಲೆಯುಳ್ಳದ್ದು ಚಪ್ಪಲಿಗಳು. ಅಗೆತದಲ್ಲಿ ಸಿಕ್ಕ ಐದು ಸಾವಿರಕ್ಕೂ ಹೆಚ್ಚು ಪಾದರಕ್ಷೆಗಳಲ್ಲಿ ಹೆಂಗಸರವೂ ಮಕ್ಕಳವೂ ಇವೆ. ದಳಪತಿಯ ಮನೆಯಲ್ಲಷ್ಟೇ ಅಲ್ಲ, ಸಾಮಾನ್ಯ ಸೈನಿಕರ ಬ್ಯಾರಕ್ಕುಗಳಲ್ಲೂ. ಕಾನೂನು ಒಪ್ಪದ ಸಂಸಾರಗಳು ಕೋಟೆಯೊಳಗೇ ನಡೆದಿದ್ದವು. ಹಲಗೆಗಳನ್ನು ಮಾತ್ರ ನಂಬಿದ್ದರೆ ಇದು ತಿಳಿಯುತ್ತಲೇ ಇರಲಿಲ್ಲ. ಸರಕಾರಿ ಪಟ್ಟಿಗೆ ಬೇಡವಾದವರು ಚಮ್ಮಾರನಿಗೆ ಬೇಕಾಗಿದ್ದರು.

ಈ ಇಡೀ ಕಡತದಲ್ಲಿ ಹೆಚ್ಚಾಗಿ ಕಾಣಿಸದವರು ಆ ನೆಲದವರೇ. ಬ್ರಿಟನ್ನರ ಕುದುರೆಪಡೆಯ ಬಗ್ಗೆ ಒಂದು ಟಿಪ್ಪಣಿ ಇದೆ: ಮೈಗೆ ಕವಚವಿಲ್ಲ, ಕುದುರೆಗಳು ಬಹಳ, ಕತ್ತಿ ಬಳಸರು, ಕುದುರೆಯ ಮೇಲೆ ಕುಳಿತು ಈಟಿ ಎಸೆಯರು. ಧಾಟಿಯಲ್ಲಿ ಅಸಡ್ಡೆಯಿದೆ. ಹಗೆಗಳ ಬಲಾಬಲವೋ, ಸೈನ್ಯಕ್ಕೆ ಸೇರಿಸಿಕೊಳ್ಳುವ ಹುಡುಗರ ಯೋಗ್ಯತೆಯೋ, ಎರಡೂ ರೀತಿ ಓದಿದವರಿದ್ದಾರೆ. ಕಾರ್ಲೈಲ್‌ನಲ್ಲಿ ಸೀಮೆಯ ಉಸ್ತುವಾರಿಗೆಂದು ಕೂತ ಶತಾಧಿಪತಿಗೆ ಬ್ರಿಗಿಯೋನಸ್ ಎಂಬುವವನ ಪರವಾಗಿ ಒಂದು ಮಾತು ಹೇಳಿ ಎಂದು ಕೆರಿಯಾಲಿಸ್‌ಗೆ ಬಂದ ಶಿಫಾರಸು ಪತ್ರವೂ ಸಿಕ್ಕಿದೆ. ಆ ಹೆಸರು ಸ್ಥಳೀಯನದಂತೆ ಕೇಳುತ್ತದೆ.

ಕೊನೆಗೆ, ಒಂದೇ ಹಲಗೆಯ ಎರಡು ಮಗ್ಗುಲು. ಮುಂದುಗಡೆ ಗೋಧಿಯ ಲೆಕ್ಕ: ಯಾರಿಗೆ ಎಷ್ಟು ಮೋದಿಯಸ್, ಕಾಡಿನಲ್ಲಿರುವ ದನಗಾಹಿಗಳಿಗೆ ಎಷ್ಟು ಎಂದು. ಹಿಂದುಗಡೆ, ಅದೇ ಕೈಬರಹದಲ್ಲಿ, ಒಬ್ಬ ವ್ಯಾಪಾರಿಯ ದೂರಿನ ಕರಡು. ನಾನು ಕಡಲಾಚೆಯವನು, ತಪ್ಪಿಲ್ಲದವನು. ಬೆತ್ತದಿಂದ ರಕ್ತ ಬರುವಂತೆ ಹೊಡೆದರು. ದಳಪತಿಗೆ ಹೇಳಿಕೊಳ್ಳೋಣವೆಂದರೆ ಅವರಿಗೆ ಕಾಯಿಲೆ. ಕೆಳಗಿನ ಅಧಿಕಾರಿಗಳ ಮೊರೆಹೊಕ್ಕೆ, ಫಲವಿಲ್ಲ. ಆದ್ದರಿಂದ ಮಹಾಪ್ರಭುಗಳು ಕಾಪಾಡಬೇಕು ಎಂಬುದು ಅದರ ಸಾರ. ಈ ಮಹಾಪ್ರಭು 122ರಲ್ಲಿ ಬ್ರಿಟನ್ನಿಗೆ ಬಂದ ಚಕ್ರವರ್ತಿ ಹೇಡ್ರಿಯನ್ನನೇ ಎಂದು ಕೆಲವರು, ಪ್ರಾಂತಾಧಿಪತಿಯಿರಬೇಕೆಂದು ಕೆಲವರು. ಆ ಚರ್ಚೆಗಿಂತ ದೂರು ಹತ್ತಿದ ಮೆಟ್ಟಿಲುಗಳು ಹೆಚ್ಚು ಹೇಳುತ್ತವೆ. ದಳಪತಿ, ಅವನ ಕೆಳಗಿನ ಅಧಿಕಾರಿ, ಶತಾಧಿಪತಿಗಳು: ಸೈನಿಕನಲ್ಲದ ಒಬ್ಬ ವ್ಯಾಪಾರಿಗೆ ಆ ಸೀಮೆಯಲ್ಲಿ ಸೈನ್ಯವೇ ಗಿರಾಕಿ, ಹೊಡೆದವರೂ ಅದರವರೇ, ನ್ಯಾಯ ಕೇಳಬೇಕಾದದ್ದೂ ಅವರಲ್ಲೇ. ಗೋಡೆ ಕಟ್ಟುವ ಮೊದಲೇ ಗಡಿಯ ಆಡಳಿತ ಇಷ್ಟರಮಟ್ಟಿಗೆ ಸೈನ್ಯದ ಕೈಸೇರಿತ್ತು.