ಭೂತ ಬಿಟ್ಟವರು, ಹೆಂಚು ಸುಟ್ಟವರು

ಕ್ರೈಸ್ತರ ಕನ್ನಡದಲ್ಲಿ ಪಶ್ಚಾತ್ತಾಪಕ್ಕೆ ಇನ್ನೊಂದು ಮಾತಿದೆ: 'ದೇವರ ಕಡೆಗೆ ತಿರುಗಿಕೊಳ್ಳುವುದು'. ನನಗೆ ಈ ಎರಡನೆಯದೇ ಇಷ್ಟ. ಪಶ್ಚಾತ್ತಾಪವನ್ನು ಕೂತಲ್ಲೇ ಕೂತು ಪಡಬಹುದು. ತಿರುಗಿಕೊಳ್ಳಬೇಕಾದರೆ ಮೈ ಅಲ್ಲಾಡಬೇಕು. ಮುಖ ಒಂದು ಕಡೆಗಾದರೆ ಬೆನ್ನು ಇನ್ನೊಂದು ಕಡೆಗೆ ಆಗಲೇಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಊರ ಕಡೆ, ಅಂದರೆ ಮುಲ್ಕಿ, ಕಾಪು, ಉಡುಪಿ, ಕಾರ್ಕಳದ ಸುತ್ತಮುತ್ತ, ಕೆಲವು ಮನೆಗಳು ಹೀಗೆ ತಿರುಗಿಕೊಂಡವು. ಈಗ ವಾಟ್ಸಾಪ್ ಗ್ರೂಪಲ್ಲಿ ಮತಾಂತರದ ಮಾತೆತ್ತಿ ನೋಡಿ, ಎರಡೇ ಉತ್ತರ ಬರುತ್ತವೆ. ಒಬ್ಬರಿಗೆ ಅದು ಆಮಿಷ, ಇನ್ನೊಬ್ಬರಿಗೆ ಪವಾಡ. ಎರಡರಲ್ಲೂ ಮತ ಬದಲಿಸಿದ ಮನುಷ್ಯ ಮಾತ್ರ ಕಾಣುವುದಿಲ್ಲ. ಅವನು ಯಾವುದಕ್ಕೆ ಬೆನ್ನು ಹಾಕಿದ, ಅದಕ್ಕೆ ಏನು ತೆತ್ತ ಅಂತ ಯಾರೂ ಕೇಳುವುದಿಲ್ಲ.

ಕರೆದವರು ಬಾಸೆಲ್ ಮಿಶನ್‌ನವರು. ಬಾಸೆಲ್ ಸ್ವಿಟ್ಜರ್ಲೆಂಡಿನ ಒಂದು ಪಟ್ಟಣ. 1529ರಲ್ಲಿ ಅಲ್ಲಿನ ಜನರೇ ತಮ್ಮ ಚರ್ಚುಗಳಿಗೆ ನುಗ್ಗಿ ಸಂತರ ಪ್ರತಿಮೆಗಳನ್ನು ಒಡೆದುಹಾಕಿದ್ದರು. ವಿಗ್ರಹದ ಜಗಳ ಅವರ ಮನೆಯೊಳಗಿನದ್ದೇ ಆಗಿತ್ತು. 1815ರಲ್ಲಿ ಅದೇ ಊರಲ್ಲಿ ಮಿಶನ್ ಹುಟ್ಟಿತು. 1834ರಲ್ಲಿ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಹರ್ಮನ್ ಮೋಗ್ಲಿಂಗ್ ಬಂದರು. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು ಇವರೇ. ಕನ್ನಡದ ಮೊದಲ ಪತ್ರಿಕೆ ಅಂತ ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅದು.

ಇವರ ಮಾತಿಗೆ ಹೆಚ್ಚಾಗಿ ಕಿವಿಗೊಟ್ಟವರು ಬಿಲ್ಲವರು. ಆದರೆ ಬಿಲ್ಲವರು ಬಿಡಬೇಕಾಗಿದ್ದು ಮಿಶನರಿಗಳ ಲೆಕ್ಕದ ವಿಗ್ರಹವನ್ನಲ್ಲ, ಭೂತವನ್ನು. ಇವೆರಡಕ್ಕೂ ತುಂಬ ವ್ಯತ್ಯಾಸ ಇದೆ. ಬೈಬಲಿನ ಪ್ರವಾದಿಗಳು ವಿಗ್ರಹವನ್ನು ಗೇಲಿ ಮಾಡುವುದೇ ಅದು ಮೂಕ ಎಂಬ ಕಾರಣಕ್ಕೆ. ತುಳುನಾಡಿನ ದೈವ ಮೂಕ ಅಲ್ಲ. ಕೋಲದ ರಾತ್ರಿ ಎದುರು ನಿಂತು ಹೆಸರು ಹಿಡಿದು ಕರೆಯುತ್ತದೆ, ಹರಕೆ ಬಾಕಿ ಇದ್ದರೆ ಕೇಳುತ್ತದೆ, ಅಣ್ಣತಮ್ಮಂದಿರ ಜಗಳಕ್ಕೆ ತೀರ್ಪು ಹೇಳುತ್ತದೆ. ಕಾಯಿಲೆಗೆ, ಕಳವಿಗೆ, ಗದ್ದೆಯ ಹುಣಿಯ ತಕರಾರಿಗೆ ಊರಿನವರು ಹೋಗುತ್ತಿದ್ದದ್ದು ಅಲ್ಲಿಗೇ. ಸರ್ಕಾರದ ಕೋರ್ಟು ದೂರ, ದೈವದ ಚಾವಡಿ ಹತ್ತಿರ.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳಿದರೆ ಇದು ಡಿಪೆಂಡೆನ್ಸಿಯ ಸಮಸ್ಯೆ. ಒಂದು ಫೈಲ್ ಡಿಲೀಟ್ ಮಾಡಿದರೆ ಮುಗೀತು ಅಂದುಕೊಳ್ಳುತ್ತೀರಿ, ಆಮೇಲೆ ನೋಡಿದರೆ ನಲವತ್ತು ಕಡೆ ಎರರ್. ಭೂತ ಬಿಟ್ಟರೆ ನೇಮಕ್ಕೆ ಹೋಗುವ ಹಾಗಿಲ್ಲ. ನೇಮ ನಡೆಸುವುದು ಗುತ್ತಿನ ಮನೆಯವರು, ಗದ್ದೆ ಕೊಟ್ಟಿರುವುದೂ ಅವರೇ. ಒಕ್ಕಲಿನವನು ನೇಮಕ್ಕೆ ಬರುವುದಿಲ್ಲ ಅಂದರೆ ಅದು ಧರ್ಮದ ವಿಷಯ ಮಾತ್ರ ಆಗಿ ಉಳಿಯುವುದಿಲ್ಲ. ಬಿಲ್ಲವರಲ್ಲಿ ಎಷ್ಟೋ ಮನೆಯವರು ಭೂತದ ಪೂಜೆ ಮಾಡುವವರು, ದರ್ಶನ ಪಾತ್ರಿಗಳು. 'ಪೂಜಾರಿ' ಎಂಬ ಹೆಸರು ಬಂದದ್ದೇ ಅಲ್ಲಿಂದ. ಅವರು ಬಿಡುತ್ತಿದ್ದದ್ದು ಊರಿನಲ್ಲಿ ತಮಗಿದ್ದ ಸ್ಥಾನವನ್ನು.

ಆಸ್ತಿಯ ಕಥೆ ಇನ್ನೂ ಕಷ್ಟ. 1850ರಲ್ಲಿ ಕಂಪನಿ ಸರ್ಕಾರ ಒಂದು ಕಾನೂನು ತಂದಿತು: ಮತ ಬದಲಿಸಿದ ಮಾತ್ರಕ್ಕೆ ಯಾರ ಆಸ್ತಿ ಹಕ್ಕೂ ಹೋಗುವುದಿಲ್ಲ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ತಾಯಿಯ ಕಡೆಯ ಇಡೀ ಕುಟುಂಬದ್ದು, ನನ್ನ ಪಾಲು ಕೊಡಿ ಅಂತ ಒಬ್ಬನೇ ಕೇಳುವ ಹಾಗಿರಲಿಲ್ಲ. ಕುಟುಂಬದಿಂದ ಹೊರಗೆ ಹೋದವನ ಕೈಯಲ್ಲಿ ಹಕ್ಕು ಉಳಿದರೂ ಅನ್ನ ಉಳಿಯುತ್ತಿರಲಿಲ್ಲ.

ಇಷ್ಟು ಸಾಲದು ಅಂತ ಮಿಶನ್ ಇನ್ನೂ ಒಂದು ಷರತ್ತು ಹಾಕಿತ್ತು: ಮೂರ್ತೆ ಬಿಡಬೇಕು. ಕಳ್ಳು ಇಳಿಸುವುದು ಕ್ರೈಸ್ತ ಬಾಳುವೆಗೆ ಒಪ್ಪುವ ಕಸುಬಲ್ಲ ಅಂತ ಅವರ ನಿಲುವು. ದೈವ ಹೋಯಿತು, ನಂಟರು ಹೋದರು, ಈಗ ಮರವೂ ಹೋಯಿತು.

ಇಲ್ಲಿ ಸ್ವಲ್ಪ ಇಸವಿ ನೋಡೋಣ. ತುಳು ಹಳ್ಳಿಗಳಲ್ಲಿ ಮೊದಲ ಬಿಲ್ಲವ ಮನೆಗಳು ಸಭೆ ಸೇರಿದ್ದು 1840ರ ದಶಕದಲ್ಲಿ. ಮಿಶನ್ ಬೇಸಾಯ, ನೇಯ್ಗೆ ಅಂತ ಸಣ್ಣಪುಟ್ಟ ಪ್ರಯತ್ನ ಮಾಡುತ್ತಿತ್ತು ನಿಜ. ಆದರೆ ಹಾಲರ್ ಬಂದು ನೇಯ್ಗೆಯನ್ನು ಸರಿಯಾಗಿ ಕಟ್ಟಿದ್ದು 1851ರ ನಂತರ, ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದ್ದು 1865ರಲ್ಲಿ. ಮಲ್ಪೆಯ ಕಾರ್ಖಾನೆ ಅದಕ್ಕೂ ಆಮೇಲಿನದು. ನಾವು ಕೆಲಸ ಬಿಡುವಾಗ ಇನ್ನೊಂದು ಆಫರ್ ಲೆಟರ್ ಕೈಯಲ್ಲಿ ಹಿಡಿದುಕೊಂಡೇ ಬಿಡ್ತೇವೆ. ಮೊದಲು ತಿರುಗಿಕೊಂಡವರ ಕೈಯಲ್ಲಿ ಅಂಥದ್ದು ಇರಲಿಲ್ಲ. ಅವರು ಬಿಟ್ಟು ಬಂದದ್ದರಿಂದಲೇ, ಬಂದವರು ಉಣ್ಣುವುದೇನು ಎಂಬ ಚಿಂತೆಗೆ ಬಿದ್ದ ಮಿಶನ್ ಕಾರ್ಖಾನೆಗಳನ್ನು ಕಟ್ಟಿತು.

ಹಾಗಂತ ಎಲ್ಲವನ್ನೂ ಪವಾಡದ ಖಾತೆಗೆ ಬರೆಯುವಂತಿಲ್ಲ. ಕಾರ್ಖಾನೆ ನಿಂತ ಮೇಲೆ ಲೆಕ್ಕ ಬದಲಾಯಿತು. ಕೂಲಿ ಕೊಡುವವರೂ ಉಪದೇಶ ಮಾಡುವವರೂ ಒಂದೇ ಮನೆಯವರು. ಗುತ್ತಿನ ಯಜಮಾನನಿಂದ ಬಿಡಿಸಿಕೊಂಡವನಿಗೆ ಇನ್ನೊಬ್ಬ ಯಜಮಾನ ಸಿಕ್ಕಿದ. ಇವನು ಭಾನುವಾರ ರಜೆ ಕೊಡುತ್ತಿದ್ದ, ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಅನ್ನುವುದು ಸಣ್ಣ ವ್ಯತ್ಯಾಸ ಅಲ್ಲ. ಆದರೆ ಹೊಟ್ಟೆಗೂ ನಂಬಿಕೆಗೂ ಗಂಟು ಬಿದ್ದಿತ್ತು.

ಆ ಗಂಟು ಬಿಚ್ಚಿದ್ದು ಮೊದಲ ಮಹಾಯುದ್ಧ. ಜರ್ಮನರು ಬ್ರಿಟಿಷರಿಗೆ ಶತ್ರುಗಳಾದರು. ಮಿಶನರಿಗಳು ಇಲ್ಲಿಂದ ಹೋಗಬೇಕಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಈಗ ಕೂಲಿ ಕೊಡುವವರೇ ಬೇರೆ, ಉಪದೇಶ ಮಾಡುವವರು ಊರಲ್ಲೇ ಇಲ್ಲ. ಬರೀ ಕೂಲಿಗಾಗಿ ತಿರುಗಿದವರಾಗಿದ್ದರೆ ಮತ್ತೆ ತಿರುಗಲು ಇದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಸಭೆಗಳು ಉಳಿದವು, ಈಗಲೂ ಇವೆ. ಯುದ್ಧ ಮುಗಿದ ಮೇಲೆ, 1923ರಲ್ಲಿ, ಸ್ವಿಸ್ ಡಾಕ್ಟರು ಇವಾ ಲೊಂಬಾರ್ಡ್ ಉಡುಪಿಯಲ್ಲಿ ಆಸ್ಪತ್ರೆ ತೆರೆದರು. ಊರಿನವರ ಬಾಯಲ್ಲಿ ಅದು ಇವತ್ತಿಗೂ ಮಿಶನ್ ಆಸ್ಪತ್ರೆ.

ಬಿಲ್ಲವರಲ್ಲಿ ಬಹುಪಾಲು ಜನ ಈ ದಾರಿ ಹಿಡಿಯಲಿಲ್ಲ. ಆದರೆ ಅವರಲ್ಲೂ ತಿರುಗುವ ಆಸೆ ಇತ್ತು. ದೊಡ್ಡ ದೇವಸ್ಥಾನದೊಳಗೆ ಪ್ರವೇಶ ಇಲ್ಲದ ಕಾಲ ಅದು. 1912ರಲ್ಲಿ ನಾರಾಯಣ ಗುರುಗಳು ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಕಳ್ಳು ಬಿಡಿ, ಶಾಲೆಗೆ ಹೋಗಿ ಅಂತ ಗುರುಗಳೂ ಹೇಳುತ್ತಿದ್ದರು. ಮಿಶನರಿ ವಿಗ್ರಹ ಬಿಡು ಎಂದ, ಗುರು ವಿಗ್ರಹವನ್ನೇ ಕೊಟ್ಟರು. ಎರಡೂ ಕಡೆ ಜನ ಹುಡುಕಿದ್ದು ಮಾತ್ರ ಒಂದೇ: ತಲೆ ಎತ್ತಿ ನಿಲ್ಲುವ ಒಂದು ಜಾಗ.

ಇನ್ನೊಂದು ವಿಚಿತ್ರ ಇದೆ. ಭೂತಕ್ಕೆ ಬೆನ್ನು ಹಾಕಿ ಅಂತ ಹೇಳಿದವರೇ ಭೂತದ ಎದುರು ಕೂತು ಬರೆದುಕೊಂಡರು. ಆಗಸ್ಟ್ ಮ್ಯಾನರ್ ಎಂಬ ಮಿಶನರಿ ಪಾಡ್ದನಗಳನ್ನು ಸಂಗ್ರಹಿಸಿ 1886ರಲ್ಲಿ ಮಿಶನ್ ಪ್ರೆಸ್ಸಿನಲ್ಲೇ ಅಚ್ಚು ಹಾಕಿಸಿದರು. ಅದೇ ವರ್ಷ ಅವರ ತುಳು-ಇಂಗ್ಲಿಷ್ ನಿಘಂಟೂ ಬಂತು. ಅದಕ್ಕೂ ಮೊದಲು, 1850ರಲ್ಲಿ, ಮೋಗ್ಲಿಂಗ್ ಹರಿದಾಸರ ಪದಗಳನ್ನು ಅಚ್ಚು ಮಾಡಿಸಿದ್ದರು. ಜನರ ಮನಸ್ಸು ತಿರುಗಿಸಬೇಕಾದರೆ ಅದು ಎತ್ತ ಮುಖ ಮಾಡಿದೆ ಅಂತ ತಿಳಿಯಬೇಕಲ್ಲ, ಅದಕ್ಕೇ ಈ ಕೆಲಸ. ಉದ್ದೇಶ ಏನೇ ಇರಲಿ, ಇವತ್ತು ಮಣಿಪಾಲದಲ್ಲಿ ಕೂತು ತುಳು ಜಾನಪದ ಓದುವ ಹುಡುಗಿಯೂ ಆ ಪುಟಗಳನ್ನು ತಿರುವದೆ ಮುಂದೆ ಹೋಗುವಂತಿಲ್ಲ.

ಕ್ರೈಸ್ತರೆಲ್ಲ ಈ ವಿಷಯದಲ್ಲಿ ಒಂದೇ ಮಾತು ಅಂತಲೂ ತಿಳಿಯಬೇಡಿ. ಜನವರಿಯಲ್ಲಿ ಕಾರ್ಕಳದ ಅತ್ತೂರಿಗೆ ಹೋಗಿ. ಸಂತ ಲಾರೆನ್ಸರ ಪ್ರತಿಮೆಯ ಮುಂದೆ ಕೆಥೋಲಿಕರ ಜೊತೆ ಹಿಂದೂಗಳೂ ಮುಸ್ಲಿಮರೂ ಮೋಂಬತ್ತಿ ಹಿಡಿದು ನಿಂತಿರುತ್ತಾರೆ. 1529ರ ಬಾಸೆಲಿನವರು ಇದನ್ನು ಕಂಡಿದ್ದರೆ ಸುಮ್ಮನಿರುತ್ತಿರಲಿಲ್ಲ. ಪ್ರತಿಮೆಗೆ ಕೊಡುವುದು ಗೌರವ, ಆರಾಧನೆ ದೇವರಿಗೆ ಮಾತ್ರ ಅನ್ನುತ್ತದೆ ಕೆಥೋಲಿಕ್ ಸಭೆ. ಹಾಗಾದರೆ ವಿಗ್ರಹಾರಾಧನೆ ಇರುವುದು ಮರ-ಕಲ್ಲಿನಲ್ಲಲ್ಲ, ಮನುಷ್ಯ ಯಾವುದನ್ನು ಬಿಡಲಾರನೋ ಅದರಲ್ಲಿ. ದುರಾಸೆಯೂ ವಿಗ್ರಹಾರಾಧನೆಯೇ ಅಂತ ಸಂತ ಪೌಲನ ಹೆಸರಿನ ಪತ್ರವೊಂದು ಹೇಳುತ್ತದೆ.

ಇಎಂಐ, ಅಪ್ರೈಸಲ್, ಅಪಾರ್ಟ್‌ಮೆಂಟುಗಳ ನಡುವೆ ಇರುವ ನಮಗೆ ಈ ಅರ್ಥವೇ ಹತ್ತಿರ. ಹಾಗಾಗಿ ಆ ಬಿಲ್ಲವ ಮನೆಗಳನ್ನು ಆಮಿಷಕ್ಕೆ ಬಿದ್ದವರು ಅಂತ ಒಂದೇ ಮಾತಲ್ಲಿ ತಳ್ಳಿಹಾಕುವ ಮೊದಲು ಒಂದು ಲೆಕ್ಕ ಹಾಕಿ ನೋಡಿ. ಗದ್ದೆ, ಕಸುಬು, ಕುಟುಂಬ, ಕಷ್ಟ ಬಂದಾಗ ಕೇಳುವ ದೈವ, ಇವಿಷ್ಟನ್ನೂ ಪಣಕ್ಕಿಟ್ಟು ತಿರುಗಿಕೊಳ್ಳುವಂಥದ್ದು ನಮ್ಮ ಬದುಕಿನಲ್ಲಿ ಏನಿದೆ?